ಹುಣಸೆಯ ಹೆಸರಿನ ವಿಶೇಷಣ

ಬೆಂಗಳೂರಿನಿಂದ ಉತ್ತರಕ್ಕೆ ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿಯ ಸೀಮೆಯನ್ನು ಹೊಕ್ಕವರಿಗೆ ನಲ್ಲೂರಿನ ಹುಣಸೆಯ ತೋಪು ಅಪರಿಚಿತವಲ್ಲ. ಐವತ್ತಕ್ಕೂ ಹೆಚ್ಚು ಎಕರೆಗಳಲ್ಲಿ ಹರಡಿರುವ ಈ ತೋಪನ್ನು 2007ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಈ ಮನ್ನಣೆಯನ್ನು ಮೊತ್ತಮೊದಲು ಪಡೆದ ಸ್ಥಳವಿದು. ಹುಣಸೆಗೆ ಶಾಸ್ತ್ರದಲ್ಲಿರುವ ಹೆಸರು ಟ್ಯಾಮರಿಂಡಸ್ ಇಂಡಿಕಾ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಇಟ್ಟ ಹೆಸರು. ಶಬ್ದಗಳು ಎರಡೇ. ಮೊದಲನೆಯದು ನಾಮಪದ, ಎರಡನೆಯದು ವಿಶೇಷಣ. ಈ ಎರಡನೆಯ ಶಬ್ದದ ಮೇಲೆ ಮೂರು ಬಗೆಯ ಜನರಿಂದ ಮೂರು ಬಗೆಯ ಅನ್ಯಾಯ ನಡೆಯುತ್ತಿದೆ. ಒಬ್ಬರು ಅದು ತಪ್ಪೆಂದು ಭಾವಿಸಿ ತಿದ್ದಹೊರಡುತ್ತಾರೆ. ಮತ್ತೊಬ್ಬರು ಅದನ್ನು ಭೂಮಿಯ ಹಕ್ಕುಪತ್ರದಂತೆ ಎತ್ತಿ ತೋರಿಸುತ್ತಾರೆ. ಮೂರನೆಯವರು ಸತ್ತ ಭಾಷೆಯ ವ್ಯಾಕರಣವೇ ಬೇಡವೆಂದು ಕೈ ಒದರುತ್ತಾರೆ. ಈ ಮೂರು ಪಕ್ಷಗಳನ್ನೂ ಕ್ರಮವಾಗಿ ಪರಿಶೀಲಿಸಿ, ಯಾವುದು ಎಷ್ಟರಮಟ್ಟಿಗೆ ನಿಲ್ಲುವುದೆಂದು ನೋಡುವುದು ಅವಶ್ಯ.

ಮೊದಲು ತಿದ್ದುವವರ ಪಕ್ಷ. "ಟ್ಯಾಮರಿಂಡಸ್ ಎಂಬುದು ಅಸ್ ಎಂದು ಮುಗಿಯುತ್ತದೆ, ಆದುದರಿಂದ ಅದು ಪುಲ್ಲಿಂಗ, ಪುಲ್ಲಿಂಗಕ್ಕೆ ಇಂಡಿಕಸ್ ಎನ್ನಬೇಕೇ ಹೊರತು ಇಂಡಿಕಾ ಎನ್ನಬಾರದು" ಎಂಬುದು ಇವರ ವಾದ. ಹೀಗೆ ಇಂಡಿಕಸ್ ಎಂದು ಬರೆಯುವ ಕೈಗಳು ಕಡಮೆಯಲ್ಲ. ಈ ವಾದವು ಅರ್ಧ ಸರಿಯಾಗಿರುವುದರಿಂದಲೇ ಅಪಾಯಕರವಾದುದು. ಲ್ಯಾಟಿನ್ ಭಾಷೆಯಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸತಕ್ಕದ್ದು ಎಂಬುದು ನಿಜ. ಸಂಸ್ಕೃತದ ಮೊದಲ ಪಾಠಗಳನ್ನು ಓದಿದ ಬಾಲಕನಿಗೂ ಈ ನಿಯಮ ಹೊಸದಲ್ಲ. 'ಹೊಸ' ಎಂಬರ್ಥದಲ್ಲಿ ಸಂಸ್ಕೃತವು ನವಃ, ನವಾ, ನವಮ್ ಎನ್ನುತ್ತದೆ. ಅದೇ ಅರ್ಥದಲ್ಲಿ ಲ್ಯಾಟಿನ್ ನೋವಸ್, ನೋವಾ, ನೋವಮ್ ಎನ್ನುತ್ತದೆ. ಇವು ಒಂದೇ ಮೂಲದಿಂದ ಒಡೆದು ಬಂದ ಶಬ್ದಗಳು. ಇದೇ ಅಚ್ಚಿನಲ್ಲಿ ಇಂಡಿಕಸ್, ಇಂಡಿಕಾ, ಇಂಡಿಕಮ್ ಎಂಬ ಮೂರು ರೂಪಗಳು. ತೊಗರಿಯ ಹಳೆಯ ಶಾಸ್ತ್ರನಾಮ ಕಜಾನಸ್ ಇಂಡಿಕಸ್. ಮಾವು ಮ್ಯಾಂಜಿಫೆರಾ ಇಂಡಿಕಾ. ಎಳ್ಳು ಸೆಸಮಮ್ ಇಂಡಿಕಮ್. ತೊಗರಿಯ ಬೇಳೆ, ಮಾವಿನಕಾಯಿ, ಎಳ್ಳು ಮೂರೂ ಇರುವ ಅಡಿಗೆಮನೆಯಲ್ಲಿ ಲ್ಯಾಟಿನ್ ಭಾಷೆಯ ಮೂರು ಲಿಂಗಗಳೂ ಕೂಡಿವೆ ಎಂದರೆ ತಪ್ಪಾಗದು.

ಇಷ್ಟನ್ನು ತಿಳಿದವರು ಇನ್ನೊಂದು ಹೆಜ್ಜೆ ಮುಂದಿಡದೆ ನಿಂತುದರಿಂದ ಹುಣಸೆಯ ವಿಷಯದಲ್ಲಿ ಎಡವಿದರು. ಲ್ಯಾಟಿನ್ ಭಾಷೆಯಲ್ಲಿ ಶಬ್ದದ ಕೊನೆಯು ಲಿಂಗಕ್ಕೆ ಸೂಚನೆಯೇ ಹೊರತು ಆಜ್ಞೆಯಲ್ಲ. ಮರಗಳ ಹೆಸರುಗಳು ಅಸ್ ಎಂದು ಮುಗಿದರೂ ಆ ಭಾಷೆಯಲ್ಲಿ ಸಾಮಾನ್ಯವಾಗಿ ಸ್ತ್ರೀಲಿಂಗಗಳು. ಓಕ್ ಮರಕ್ಕೆ ಹೇಳುವ ಕ್ವೆರ್ಕಸ್, ದೇವದಾರುವಿನ ಬಳಗದ ಪೈನಸ್, ಅತ್ತಿಯ ಜಾತಿಯ ಫೈಕಸ್ ಎಲ್ಲವೂ ಹಾಗೆಯೇ. ಅರಳಿಯ ಮರವು ಫೈಕಸ್ ರಿಲಿಜಿಯೋಸಾ ಆಗಿದೆಯೇ ಹೊರತು ರಿಲಿಜಿಯೋಸಸ್ ಆಗಿಲ್ಲ. ಅತ್ತಿಯ ಮರವು ಫೈಕಸ್ ರೆಸಿಮೋಸಾ. ಮರವು ಸ್ತ್ರೀಲಿಂಗವಾದರೆ ಅದರ ಹಣ್ಣು ಅನೇಕ ವೇಳೆ ನಪುಂಸಕಲಿಂಗ: ಸೇಬಿನ ಮರ ಮಾಲಸ್, ಸೇಬಿನ ಹಣ್ಣು ಮಾಲಮ್. ಸಂಸ್ಕೃತದಲ್ಲಿಯೂ ಮಾವಿನ ಮರ ಆಮ್ರಃ ಎಂದು ಪುಲ್ಲಿಂಗ, ಹಣ್ಣು ಆಮ್ರಮ್ ಎಂದು ನಪುಂಸಕ. ರೂಪಕ್ಕೂ ಲಿಂಗಕ್ಕೂ, ಲಿಂಗಕ್ಕೂ ವಸ್ತುವಿಗೂ ಹೊಂದಿಕೆಯಿಲ್ಲದಿರುವುದು ಭಾರತೀಯ ಪಂಡಿತರಿಗೆ ಆಶ್ಚರ್ಯದ ಸಂಗತಿಯೇ ಅಲ್ಲ. ಪತ್ನೀ ಶಬ್ದ ಸ್ತ್ರೀಲಿಂಗ, ಅದೇ ಅರ್ಥದ ದಾರ ಶಬ್ದ ಪುಲ್ಲಿಂಗ, ಅದೂ ಬಹುವಚನದಲ್ಲಿ. ಕಲತ್ರ ಶಬ್ದ ನಪುಂಸಕ. ಒಬ್ಬಳೇ ಗೃಹಿಣಿಯನ್ನು ಮೂರು ಲಿಂಗಗಳಲ್ಲಿ ಕರೆಯಬಲ್ಲ ಭಾಷೆಯನ್ನು ಶತಮಾನಗಳಿಂದ ಅಭ್ಯಸಿಸಿದ ನಾಡಿನಲ್ಲಿ, ಅಸ್ ಎಂದು ಮುಗಿಯುವ ಮರವೊಂದು ಸ್ತ್ರೀಲಿಂಗವಾಯಿತೆಂದು ಗಾಬರಿಗೊಳ್ಳುವುದೇತಕ್ಕೆ? ಲಿನೇಯಸನು ಟ್ಯಾಮರಿಂಡಸ್ ಎಂಬುದನ್ನು ಮರಗಳ ಸಂಪ್ರದಾಯದಂತೆ ಸ್ತ್ರೀಲಿಂಗವೆಂದೇ ಗಣಿಸಿ ಇಂಡಿಕಾ ಎಂದು ಬರೆದನು. ಅದನ್ನು ತಿದ್ದುವುದು ತಿದ್ದುಪಡಿಯಲ್ಲ, ಹೊಸದೊಂದು ತಪ್ಪು.

ಕನ್ನಡದ ಮಕ್ಕಳಿಗೆ ಈ ನಿಯಮ ಕಠಿಣವಾಗಿ ಕಾಣುವುದಕ್ಕೆ ಕಾರಣವುಂಟು. ಕನ್ನಡದ ಗುಣವಾಚಕವು ಲಿಂಗವನ್ನು ಲೆಕ್ಕಿಸುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ ಎಂಬಲ್ಲಿ 'ಒಳ್ಳೆಯ' ಎಂಬುದು ಅಲುಗದೆ ನಿಲ್ಲುತ್ತದೆ. ಅದು ಬದಲಾಗುವುದಿದ್ದರೆ ಮುಂದಿನ ಅಕ್ಷರದ ಸಹವಾಸದಿಂದ. 'ಪಿರಿದು' ಎಂಬುದು ಪೆರ್ ಆಗಿ, ಹೆರ್ ಆಗಿ, ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು ಮುಂತಾದ ಸಮಾಸಗಳನ್ನು ಕೊಡುತ್ತದೆ. ಹೆಬ್ಬಾಳದ ಹೆಸರೇ ಇದಕ್ಕೆ ನಿದರ್ಶನ. 2018ರಲ್ಲಿ ಅಲ್ಲಿ ದೊರೆತ, ಕ್ರಿಸ್ತಶಕ 750ರ ಸುಮಾರಿನ ಕಿತ್ತಯ್ಯನ ವೀರಗಲ್ಲಿನಲ್ಲಿ 'ಪೆರ್ಬೊೞಲ್ ನಾಡು' ಎಂಬ ಹೆಸರಿದೆ. ಪೆರ್ ಎಂಬ ವಿಶೇಷಣವು ಪೊೞಲ್ ಎಂಬ ನಾಮಕ್ಕೆ ಅಂಟಿಕೊಂಡು ಆದ ರೂಪ. ಹೀಗೆ ಕನ್ನಡದ ವಿಶೇಷಣವು ಧ್ವನಿಗೆ ಬಾಗುತ್ತದೆ, ಲ್ಯಾಟಿನ್ ಭಾಷೆಯ ವಿಶೇಷಣವು ಲಿಂಗಕ್ಕೆ ಬಾಗುತ್ತದೆ. ಆದರೆ ಲಿಂಗಕ್ಕೆ ಬಾಗುವ ವಿಶೇಷಣಗಳು ಕನ್ನಡದ ಮನೆಗಳಲ್ಲಿ ಇಲ್ಲವೇ ಇಲ್ಲವೆಂದಲ್ಲ. ಮದುವೆಯ ಲಗ್ನಪತ್ರಿಕೆಯಲ್ಲಿ ಯಜಮಾನರ ಹೆಸರಿನ ಹಿಂದೆ ಶ್ರೀಮಾನ್ ಎಂದೂ, ಗೃಹಿಣಿಯ ಹೆಸರಿನ ಹಿಂದೆ ಶ್ರೀಮತಿ ಎಂದೂ ಅಚ್ಚಾಗುತ್ತದೆ. ಅಚ್ಚಿನವನು ಇವನ್ನು ಅದಲುಬದಲು ಮಾಡಿದರೆ ಪತ್ರಿಕೆಯನ್ನು ಯಾರಾದರೂ ಹಂಚುವರೇ? ಲಗ್ನಪತ್ರಿಕೆಯಲ್ಲಿ ಸಲ್ಲದ ಅಲಕ್ಷ್ಯವು ಮರದ ಫಲಕದಲ್ಲಿ ಮಾತ್ರ ಸಲ್ಲುವುದು ಹೇಗೆ?

ಇನ್ನು ಎರಡನೆಯ ಪಕ್ಷ. ಇದು ವ್ಯಾಕರಣದ ಪಕ್ಷವಲ್ಲ, ಅರ್ಥದ ಪಕ್ಷ. ಆದುದರಿಂದ ಹೆಚ್ಚು ಜನಪ್ರಿಯವಾದುದು. "ಇಂಡಿಕಾ ಎಂದರೆ ಭಾರತದ್ದು; ಪಾಶ್ಚಾತ್ಯ ಪಂಡಿತರೇ ಹಾಗೆಂದು ಬರೆದುಕೊಟ್ಟಿದ್ದಾರೆ; ಆದುದರಿಂದ ಆ ಹೆಸರುಳ್ಳ ಗಿಡಮರಗಳೆಲ್ಲ ಭಾರತದಲ್ಲಿಯೇ ಹುಟ್ಟಿದುವು" ಎಂಬುದು ಇವರ ಅಭಿಮಾನದ ಮಾತು. ಅಭಿಮಾನವು ದೊಡ್ಡ ಗುಣ. ಆದರೆ ಅದು ನಿಲ್ಲುವ ನೆಲ ಗಟ್ಟಿಯಾಗಿರಬೇಕು.

ಈ ಶಬ್ದದ ವಂಶಾವಳಿಯನ್ನು ನೋಡಿರಿ. ಸಂಸ್ಕೃತದ ಸಿಂಧು ಶಬ್ದವು ಪ್ರಾಚೀನ ಪಾರಸಿಕರ ಬಾಯಲ್ಲಿ ಹಿಂದು ಆಯಿತು. ಗ್ರೀಕರು ಹಕಾರವನ್ನು ಕಳೆದು ಇಂಡೋಸ್ ಎಂದರು. ಅದಕ್ಕೆ ಸಂಬಂಧಾರ್ಥದ ಪ್ರತ್ಯಯ ಸೇರಿ ಇಂಡಿಕೋಸ್, ರೋಮನರಲ್ಲಿ ಇಂಡಿಕಸ್ ಆಯಿತು. ಸಂಸ್ಕೃತದಲ್ಲಿ ಇದಕ್ಕೆ ನೇರವಾಗಿ ಸಮನಾದ ತದ್ಧಿತವನ್ನು ಹೇಳಬೇಕಾದರೆ 'ಸೈಂಧವ' ಎನ್ನಬೇಕು. ಈ ಸೈಂಧವ ಶಬ್ದವು ಶಾಸ್ತ್ರಕಾರರ ಸುಪ್ರಸಿದ್ಧ ಉದಾಹರಣೆ. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟವನು ಅದೇ ಮಾತನ್ನು ಹೇಳಿದರೆ ಕುದುರೆಯನ್ನು ತರಬೇಕು. ಎರಡೂ ಸಿಂಧುದೇಶದ ಸಂಬಂಧವುಳ್ಳವೇ. ಆದರೆ ಯಾವುದೆಂಬುದನ್ನು ಶಬ್ದವು ತಾನಾಗಿ ಹೇಳದು, ಪ್ರಕರಣವು ಹೇಳಬೇಕು. ಇಂಡಿಕಾ ಶಬ್ದದ ಸ್ಥಿತಿಯೂ ಇದೇ. 'ಇಂಡಿಯಾಕ್ಕೆ ಸಂಬಂಧಪಟ್ಟದ್ದು' ಎಂಬಷ್ಟೇ ಅದರ ಅರ್ಥ. ಸಂಬಂಧವು ಹುಟ್ಟಿನದೋ, ಬೆಳೆಯದೋ, ವ್ಯಾಪಾರದ್ದೋ, ಹೆಸರಿಟ್ಟವನ ತಪ್ಪುತಿಳಿವಳಿಕೆಯದೋ ಎಂಬುದನ್ನು ಬೇರೆ ಪ್ರಮಾಣಗಳಿಂದ ನಿಶ್ಚಯಿಸಬೇಕು.

ಪ್ರಮಾಣಗಳು ಏನು ಹೇಳುತ್ತವೆ? ಮಾವು ಭಾರತದ ಈಶಾನ್ಯ ಭಾಗ ಮತ್ತು ಅದರ ನೆರೆಯ ಬರ್ಮಾದ ಕಡೆಯದೆಂದು ವಿದ್ವಾಂಸರು ಒಪ್ಪುತ್ತಾರೆ. ಅಲ್ಲಿ ವಿಶೇಷಣವು ಸತ್ಯ. ಹುಣಸೆಯಾದರೋ ಆಫ್ರಿಕ ಖಂಡದ ಉಷ್ಣಪ್ರದೇಶದಲ್ಲಿ ಹುಟ್ಟಿ ಬಹು ಪ್ರಾಚೀನ ಕಾಲದಲ್ಲಿ ಭಾರತಕ್ಕೆ ಬಂದುದೆಂಬುದು ಸಸ್ಯಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಅರಬ್ಬೀ ವರ್ತಕರು ಅದರ ಹಣ್ಣನ್ನು ತಮರ್ ಹಿಂದ್, ಎಂದರೆ ಹಿಂದೂದೇಶದ ಖರ್ಜೂರ, ಎಂದು ಕರೆದರು. ಆ ಹೆಸರೇ ಟ್ಯಾಮರಿಂಡಸ್ ಆಯಿತು. ಅದಕ್ಕೆ ಇಂಡಿಕಾ ಎಂಬುದೂ ಸೇರಿ 'ಭಾರತದ ಖರ್ಜೂರ, ಭಾರತದ್ದು' ಎಂದು ಒಂದೇ ಮಾತನ್ನು ಎರಡು ಸಲ ಹೇಳಿದಂತಾಯಿತು. ಎರಡು ಸಲ ಹೇಳಿದ ಮಾತ್ರಕ್ಕೆ ಅದರ ತವರು ಬದಲಾಗಲಿಲ್ಲ. ಬೆಂಗಳೂರಿನ ತೋಟಗಳಲ್ಲಿ ಕೆಂಪಾಗಿ, ಹಳದಿಯಾಗಿ ಅರಳುವ ಕಾಬಾಳೆಯನ್ನು ನೋಡಿರಿ. ಅದರ ಹೆಸರು ಕ್ಯಾನಾ ಇಂಡಿಕಾ. ಅದು ಹುಟ್ಟಿದುದು ಅಮೆರಿಕದಲ್ಲಿ. ಕೊಲಂಬಸನು ಭಾರತವೆಂದು ಭ್ರಮಿಸಿ ಇಳಿದ ದ್ವೀಪಗಳಿಗೆ ಇಂಡೀಸ್ ಎಂಬ ಹೆಸರು ಉಳಿದುಕೊಂಡುದರ ಫಲವಿದು. ಪಾಪಾಸುಕಳ್ಳಿಯ ಬಳಗದ ಒಪನ್ಷಿಯಾ ಫೈಕಸ್ ಇಂಡಿಕಾ ಎಂಬುದೂ ಹಾಗೆಯೇ ಮೆಕ್ಸಿಕೋ ದೇಶದ ಕಡೆಯದು. ಹೆಸರನ್ನೇ ಹಕ್ಕುಪತ್ರವೆಂದರೆ ಅಮೆರಿಕದ ಕಳ್ಳಿಗೂ ಭಾರತದ ಪೌರತ್ವವನ್ನು ಕೊಡಬೇಕಾದೀತು.

ಹೆಸರಿನ ವಿಶೇಷಣವು ವಸ್ತುವಿಗೆ ಹೊಂದದಿದ್ದರೆ ಹೆಸರನ್ನೇ ಬದಲಿಸಬಾರದೆ ಎಂದರೆ, ಅಂತಾರಾಷ್ಟ್ರೀಯ ಸಸ್ಯನಾಮಕರಣದ ಸಂಹಿತೆಯು ಬಾರದೆಂದೇ ಹೇಳುತ್ತದೆ. ಸಿಲ್ಲಾ ಪೆರೂವಿಯಾನಾ ಎಂಬ ಹೂಗಿಡವು ಪೆರು ದೇಶದಲ್ಲಿ ಬೆಳೆಯುವುದಿಲ್ಲ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಬೆಳೆಯುತ್ತದೆ. ಅಷ್ಟರಿಂದಲೇ ಆ ಹೆಸರನ್ನು ತ್ಯಜಿಸಲಾಗದೆಂದು ಸಂಹಿತೆಯೇ ಉದಾಹರಿಸಿದೆ. ಹೆಬ್ಬಾಳದ ಹೆಸರನ್ನು ಹೊತ್ತ ಅವರೆಯ ತಳಿಗಳು ರೈತರಿಗೆ ಚಿರಪರಿಚಿತ. ಅವರೆಯ ಶಾಸ್ತ್ರನಾಮ ಲ್ಯಾಬ್ಲಾಬ್ ಪರ್ಪ್ಯೂರಿಯಸ್, ಎಂದರೆ ನೇರಳೆಗೆಂಪಿನದು. ಬಿಳಿಯ ಹೂವನ್ನು ಬಿಡುವ ಅವರೆಗೂ ಅದೇ ಹೆಸರು. ಕರಿಯಪ್ಪನೆಂಬ ಹೆಸರಿನವನು ಬೆಳ್ಳಗಿದ್ದರೆ ಊರವರು ಅವನ ಹೆಸರನ್ನು ಬದಲಿಸುವರೇ?

ಈ ವಿಚಾರವು ಕೇವಲ ಪಂಡಿತರ ಕಾಲಕ್ಷೇಪವಲ್ಲವೆಂಬುದಕ್ಕೆ ಬೇವಿನ ಮರವೇ ಸಾಕ್ಷಿ. ಬೇವು ಅಜಾಡಿರಾಕ್ಟಾ ಇಂಡಿಕಾ. ಫ್ರೆಂಚ್ ಪಂಡಿತ ಜೂಸಿಯೂ 1830ರಲ್ಲಿ ಕೊಟ್ಟ ಹೆಸರು. ಬೇವಿನ ಎಣ್ಣೆಯಿಂದ ಬೂಷ್ಟುರೋಗಗಳನ್ನು ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯೂ. ಆರ್. ಗ್ರೇಸ್ ಕಂಪೆನಿಗೂ 1994ರಲ್ಲಿ ಯೂರೋಪಿನ ಪೇಟೆಂಟ್ ಕಚೇರಿಯು ಪೇಟೆಂಟನ್ನು ಕೊಟ್ಟಿತು. ಇಂಡಿಕಾ ಎಂಬ ವಿಶೇಷಣವು ಆಗ ಅಡ್ಡ ಬರಲಿಲ್ಲ. 2000ದಲ್ಲಿ ಆ ಪೇಟೆಂಟು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅದನ್ನು ಉರುಳಿಸಿದುದು ಹೆಸರಲ್ಲ. ಭಾರತದಲ್ಲಿ ಆ ವಿಧಾನವು ಮೊದಲೇ ಬಳಕೆಯಲ್ಲಿತ್ತೆಂಬುದನ್ನು ಸಾಕ್ಷ್ಯದಿಂದ ತೋರಿಸಿದ ಶ್ರಮ. ವಿಶೇಷಣವನ್ನು ನೆಚ್ಚಿ ಕುಳಿತವರಿಂದ ಬೇವು ಉಳಿಯಲಿಲ್ಲ. ದೇಶದ ಆಸ್ತಿಯನ್ನು ಕಾಪಾಡಬೇಕೆನ್ನುವವರು ಲ್ಯಾಟಿನ್ ಪ್ರತ್ಯಯವನ್ನು ಬಿಟ್ಟು ದಾಖಲೆಗಳನ್ನು ಕೂಡಿಡುವುದು ಮೇಲು. ನಲ್ಲೂರಿನ ತೋಪಿಗೆ ಮನ್ನಣೆ ದೊರೆತುದೂ ಹುಣಸೆಯು ಭಾರತದಲ್ಲಿ ಹುಟ್ಟಿತೆಂಬುದಕ್ಕಲ್ಲ; ಹಲವು ತಲೆಮಾರುಗಳ ಮರಗಳು ಅಲ್ಲಿ ಇನ್ನೂ ಉಳಿದಿವೆ ಎಂಬುದಕ್ಕೆ. ರಾಗಿಯ ತವರೂ ಪೂರ್ವ ಆಫ್ರಿಕವೇ. ಅದರಿಂದ ಕನ್ನಡಿಗರಿಗೆ ಮುದ್ದೆಯ ರುಚಿ ಕಡಮೆಯಾದೀತೆ? ತಳಿಶಾಸ್ತ್ರಜ್ಞ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಪಡೆದ ತಳಿಗಳಿಗೆ ಇಂಡಾಫ್ ಎಂಬ ಹೆಸರಾಯಿತು. ಎರಡು ದೇಶಗಳ ಋಣವನ್ನೂ ಒಪ್ಪಿಕೊಂಡ ಪ್ರಾಮಾಣಿಕವಾದ ಹೆಸರು ಅದು.

ಮೂರನೆಯ ಪಕ್ಷದವರು ಮಾತನ್ನು ಚಿಕ್ಕದಾಗಿ ಮುಗಿಸುತ್ತಾರೆ. "ಹೆಸರು ಒಂದು ಗುರುತು, ಮನೆಯ ನಂಬರಿನಂತೆ. ಅದಕ್ಕೆ ಲಿಂಗವೇನು, ವಿಭಕ್ತಿಯೇನು? ಬಾಯಿಪಾಠ ಮಾಡಿದರೆ ಸಾಕು." ಇವರ ಬೆನ್ನಿಗೆ ಒಂದು ಬಲವೂ ಉಂಟು. 1935ರಿಂದ ಹೊಸ ಸಸ್ಯವನ್ನು ಲ್ಯಾಟಿನ್ ಭಾಷೆಯಲ್ಲಿಯೇ ವರ್ಣಿಸಬೇಕೆಂದಿದ್ದ ಕಟ್ಟಳೆಯನ್ನು ಸಡಿಲಿಸಿ, 2012ರ ಜನವರಿ 1ರಿಂದ ಇಂಗ್ಲಿಷಿನಲ್ಲಿಯೂ ವರ್ಣಿಸಬಹುದೆಂದು ಗೊತ್ತುಪಡಿಸಲಾಗಿದೆ. ಚಿಟ್ಟೆ ಪತಂಗಗಳನ್ನು ಅಭ್ಯಸಿಸುವ ವಿದ್ವಾಂಸರಲ್ಲಿ ಅನೇಕರು, ವಿಶೇಷಣದ ಲಿಂಗವನ್ನು ಬದಲಿಸದೆ ಮೊದಲು ಹೆಸರಿಟ್ಟವನ ರೂಪವನ್ನೇ ಇಟ್ಟುಕೊಳ್ಳುತ್ತಾರೆ. ಲಕ್ಷಾಂತರ ಹೆಸರುಗಳನ್ನು ಯಂತ್ರಗಳಲ್ಲಿ ಹುಡುಕಬೇಕಾದ ಈ ಕಾಲದಲ್ಲಿ ಒಂದೇ ಹುಳುವಿಗೆ ಎರಡು ಕಾಗುಣಿತಗಳಿದ್ದರೆ ತೊಡಕೆಂಬ ಅವರ ಮಾತು ಅಲ್ಲಗಳೆಯತಕ್ಕದ್ದಲ್ಲ. ಆದರೆ 2000ದ ಜನವರಿ 1ರಿಂದ ನಡೆಯುತ್ತಿರುವ ಪ್ರಾಣಿನಾಮಕರಣ ಸಂಹಿತೆಯ ನಾಲ್ಕನೆಯ ಆವೃತ್ತಿಯೂ, ಸಸ್ಯಗಳ ಸಂಹಿತೆಯೂ ಲಿಂಗಾನುಸರಣವನ್ನು ಬಿಟ್ಟುಕೊಟ್ಟಿಲ್ಲ. ಕಟ್ಟಳೆಯಿರುವ ತನಕ ಅದನ್ನು ಅರಿತಿರುವುದು ವಿದ್ಯಾವಂತರ ಕರ್ತವ್ಯ. ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು 1976ರಲ್ಲಿ ಗ್ರಂಥವನ್ನು ಹೊರತಂದ ಸಲ್ಡಾನ್ಹಾ ಮತ್ತು ನಿಕಲ್ಸನ್ ಅವರಲ್ಲಿ ನಿಕಲ್ಸನ್ ಅವರು ಕುಲನಾಮಗಳ ಲಿಂಗವಿಚಾರವನ್ನೇ ಕುರಿತು ಮುಂದೆ ಪ್ರತ್ಯೇಕವಾಗಿ ಬರೆದರು. ಕಾಡುಮೇಡುಗಳ ಗಿಡಗಳನ್ನು ಬಲ್ಲ ವಿದ್ವಾಂಸರಿಗೆ ವ್ಯಾಕರಣವು ಹೊರೆಯೆನಿಸಲಿಲ್ಲ.

ಬಾಯಿಪಾಠದ ಮಾರ್ಗವು ಎಲ್ಲಿ ಮುಗ್ಗರಿಸುತ್ತದೆಂಬುದನ್ನು ರಾಗಿಯೇ ತೋರಿಸಿಕೊಡುತ್ತದೆ. 1759ರಲ್ಲಿ ಲಿನೇಯಸನು ಅದನ್ನು ಸೈನೊಸೂರಸ್ ಕೊರಕಾನಸ್ ಎಂದನು. ಸಿಂಹಳದವರು ರಾಗಿಗೆ ಹೇಳುವ ಕುರಕ್ಕನ್ ಎಂಬ ಶಬ್ದವೇ ಇಲ್ಲಿ ವಿಶೇಷಣವಾಗಿದೆ. 1788ರಲ್ಲಿ ಗೇರ್ಟ್ನರ್ ಪಂಡಿತನು ರಾಗಿಯನ್ನು ಎಲ್ಯುಸೀನ್ ಎಂಬ ಸ್ತ್ರೀಲಿಂಗದ ಕುಲಕ್ಕೆ ಸೇರಿಸಿದಾಗ ಅದು ಕೊರಕಾನಾ ಆಯಿತು. ಹೊಂಗೆಯು 1753ರಲ್ಲಿ ಸೈಟಿಸಸ್ ಪಿನ್ನೇಟಸ್ ಆಗಿದ್ದು, 1899ರಲ್ಲಿ ಪೊಂಗೇಮಿಯಾ ಪಿನ್ನೇಟಾ ಆಯಿತು. ಗರಿಯಂತೆ ಜೋಡಿಸಿದ ಎಲೆಯುಳ್ಳದ್ದೆಂದು ಅರ್ಥ. ಹೆಣ್ಣುಮಗಳು ಮದುವೆಯಾಗಿ ಮನೆ ಬದಲಿಸಿದರೆ ಮನೆತನದ ಹೆಸರು ಬದಲಾಗುವಂತೆ ಇಲ್ಲಿ ಕುಲ ಬದಲಾದೊಡನೆ ವಿಶೇಷಣದ ಕೊನೆ ಬದಲಾಗುತ್ತದೆ, ವ್ಯಕ್ತಿ ಒಂದೇ. ವ್ಯಾಕರಣವನ್ನು ಅರಿಯದ ವಿದ್ಯಾರ್ಥಿಯು ಹಳೆಯ ಪುಸ್ತಕದ ಪಿನ್ನೇಟಸ್ ಬೇರೆ, ಹೊಸ ಪುಸ್ತಕದ ಪಿನ್ನೇಟಾ ಬೇರೆ ಎಂದು ತಿಳಿಯುತ್ತಾನೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಕನ್ನಡದ್ದೇ ಆದ ಒಂದು ಶಬ್ದದ ಕಥೆ. ಕಾಫಿಯ ಗಿಡದ ಎಲೆಗಳನ್ನು ಕೊಳೆಯಿಸುವ ಬೂಷ್ಟಿಗೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸರು ಪೆಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು. ಇಲ್ಲಿ ಕೊಳೆರೋಗವು ನಾಮಪದವಾದುದರಿಂದ ಲಿಂಗಕ್ಕೆ ಬಾಗದು. 1958ರಲ್ಲಿ ಡಾಂಕ್ ಎಂಬ ಡಚ್ ವಿದ್ವಾಂಸರು ಆ ಶಬ್ದವನ್ನೇ ಕುಲನಾಮವಾಗಿ ಎತ್ತಿಕೊಂಡು ಕೊಳೆರೋಗ ನೋಕ್ಸಿಯಾ ಎಂದರು. ನೋಕ್ಸಿಯಾ ಎಂದರೆ ಹಾನಿಕರವಾದುದು. ರೋಗಶಬ್ದವು ಸಂಸ್ಕೃತದಲ್ಲಿ ಪುಲ್ಲಿಂಗ, ಕನ್ನಡದಲ್ಲಿ ನಪುಂಸಕ, ಲ್ಯಾಟಿನ್ ಭಾಷೆಯ ಮನೆಯನ್ನು ಹೊಕ್ಕು ಸ್ತ್ರೀಲಿಂಗವಾಯಿತು. ಕನ್ನಡದ ಕೊಳೆಯನ್ನು ಸಂಸ್ಕೃತದ ರೋಗಕ್ಕೆ ಕೂಡಿಸಿದುದನ್ನು ಕಂಡು ಶಬ್ದಮಣಿದರ್ಪಣದ ಕೇಶಿರಾಜನು ಅರಿಸಮಾಸವೆಂದು ಹುಬ್ಬು ಗಂಟಿಕ್ಕುತ್ತಿದ್ದನೇನೋ! 1999ರಲ್ಲಿ ಅದೇ ಬೂಷ್ಟು ಸೆರಟೊಬೆಸಿಡಿಯಮ್ ಎಂಬ ನಪುಂಸಕಲಿಂಗದ ಕುಲಕ್ಕೆ ಸೇರಿದಾಗ ನೋಕ್ಸಿಯಾ ಹೋಗಿ ನೋಕ್ಸಿಯಮ್ ಆಯಿತು.

ಇಲ್ಲಿಯೇ ನಾಲ್ಕನೆಯ ಪಕ್ಷವೊಂದು ತಲೆಯೆತ್ತಬಹುದು: ಇಷ್ಟೆಲ್ಲ ತೊಡಕೇತಕ್ಕೆ, ಕನ್ನಡದ ಹೆಸರೊಂದೇ ಸಾಲದೆ? ಕನ್ನಡದ ಹೆಸರು ಬೇಕೇ ಬೇಕು, ಮೊದಲು ಬೇಕು. ಆದರೆ ಅದೊಂದೇ ಸಾಲದೆಂಬುದಕ್ಕೂ ಕೊಳೆರೋಗವೇ ದೃಷ್ಟಾಂತ. ಮಲೆನಾಡಿನ ರೈತನು ಅಡಿಕೆಯ ಕೊಳೆರೋಗವನ್ನೂ ಕಾಫಿಯ ಕೊಳೆರೋಗವನ್ನೂ ಒಂದೇ ಹೆಸರಿನಿಂದ ಕರೆಯುತ್ತಾನೆ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ವಿವರಿಸಿದ ಅಡಿಕೆಯ ರೋಗಾಣುವು ಫೈಟಾಫ್ತೊರಾ ಎಂಬ ಬೇರೊಂದು ಕುಲದ್ದು; ಕಾಫಿಯ ಬೂಷ್ಟಿಗೂ ಅದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಕನ್ನಡದ ಹೆಸರು ರೈತನಿಗೆ ಕಂಡ ಕೇಡನ್ನು ಹೇಳುತ್ತದೆ. ಶಾಸ್ತ್ರದ ಹೆಸರು ಆ ಕೇಡಿನ ಕರ್ತೃವನ್ನು ಹೇಳುತ್ತದೆ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಹೆಬ್ಬಾಳವು ಈ ನಾಡಿನ ಕೃಷಿವಿದ್ಯೆಗೆ ತೊಟ್ಟಿಲಾದ ಸ್ಥಳ. 1899ರಲ್ಲಿ ಡಾಕ್ಟರ್ ಲೇಮನ್ ಅವರು ಮೈಸೂರು ಸಂಸ್ಥಾನಕ್ಕೆ ಬಂದ ಮೇಲೆ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆ ಭೂಮಿಯಲ್ಲಿ ಪ್ರಯೋಗಕ್ಷೇತ್ರವು ಬೆಳೆಯಿತು. 1913ರಲ್ಲಿ ಕೃಷಿಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಹಳ್ಳಿಗಳಿಂದ ಬಂದ ರೈತರ ಮಕ್ಕಳು ಇಂತಹ ವಿದ್ಯಾಶಾಲೆಗಳಲ್ಲಿ ಓದುತ್ತಾರೆ. ಅವರ ಮನೆಯಂಗಳದ ಗಿಡಗಳ ಹೆಸರುಗಳನ್ನೇ ಅರ್ಥವಿಲ್ಲದ ಮಂತ್ರದಂತೆ ಅವರಿಂದ ಹೇಳಿಸಿ ಪರೀಕ್ಷೆ ತೆಗೆದುಕೊಳ್ಳುವುದು ವಿದ್ಯೆಗೆ ಅಪಚಾರ. ನವಃ, ನವಾ, ನವಮ್ ಎಂಬ ಮೂರು ರೂಪಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಇಂಡಿಕಸ್, ಇಂಡಿಕಾ, ಇಂಡಿಕಮ್ ಎಂದು ಬರೆದು, ಮರಗಳ ಹೆಸರಿಗಿರುವ ಅಪವಾದವನ್ನು ಸೇರಿಸಿದರೆ ಒಂದು ಗಂಟೆಯ ಪಾಠ ಸಾಕು. ಸಂಸ್ಕೃತವನ್ನು ಓದದವರಿಗೆ ಶ್ರೀಮಾನ್, ಶ್ರೀಮತಿಗಳ ಉದಾಹರಣೆ ಸಾಕು. ಉಪವನಗಳಲ್ಲಿ ಮರಗಳಿಗೆ ಫಲಕ ಹಾಕುವವರು ಮೇಲೆ ಕನ್ನಡದ ಹೆಸರನ್ನೂ, ಕೆಳಗೆ ಶಾಸ್ತ್ರನಾಮವನ್ನೂ, ಅದರ ಕೆಳಗೆ ವಿಶೇಷಣದ ಅರ್ಥವನ್ನು ಒಂದು ಸಾಲು ಕನ್ನಡದಲ್ಲಿಯೂ ಬರೆಯಿಸಲಿ. ಆ ಸಾಲಿನಲ್ಲಿ 'ಭಾರತದಲ್ಲಿ ಹುಟ್ಟಿದ್ದು' ಎಂದು ಬರೆಯದೆ 'ಭಾರತದ ಹೆಸರನ್ನು ಹೊತ್ತದ್ದು' ಎಂದು ಬರೆದರೆ ಸತ್ಯಕ್ಕೂ ವ್ಯಾಕರಣಕ್ಕೂ ಲೋಪ ಬಾರದು.

ಹುಣಸೆಗೆ ಇಂಡಿಕಸ್ ಎಂಬ ತಿದ್ದುಪಡಿಯೂ ಬೇಡ, ಇಂಡಿಕಾ ಎಂಬುದರ ಮೇಲೆ ಇಲ್ಲದ ಹಕ್ಕನ್ನು ಕಟ್ಟುವುದೂ ಬೇಡ. ಆಫ್ರಿಕದಲ್ಲಿ ಹುಟ್ಟಿ, ಅರಬ್ಬರಿಂದ ಹೆಸರು ಪಡೆದು, ಲ್ಯಾಟಿನ್ ಭಾಷೆಯಲ್ಲಿ ಸ್ತ್ರೀಲಿಂಗವಾಗಿ, ಕನ್ನಡದ ಸಾರಿನಲ್ಲಿ ಹುಳಿಯಾದ ಮರ ಅದು. ಈ ನಾಲ್ಕು ಮಾತುಗಳಲ್ಲಿ ಒಂದನ್ನು ಒಪ್ಪುವುದಕ್ಕಾಗಿ ಉಳಿದ ಮೂರನ್ನು ಅಲ್ಲಗಳೆಯಬೇಕಾಗಿಲ್ಲ.